ಪುಕ್ಕಟೆ

ಜುಲೈ ತಿಂಗಳ ಶನಿವಾರ. ಬ್ಯಾಲರಟ್ ಲೈಬ್ರರಿಯ ಹಿಂದಿನ ಕೋಣೆ.
ಹೀಟರ್ ಕೆಮ್ಮುತ್ತದೆ, ಬಿಸಿ ಬರುವುದಿಲ್ಲ.
ನನ್ನ ಮೇಜಿನ ಮೇಲೆ ಸ್ಕ್ರೂಡ್ರೈವರ್, ಬಣ್ಣ ಬಳಿಯುವ ಬ್ರಷ್,
ಒಂದು ಪೆನ್‌ಡ್ರೈವ್, ಅರ್ಧ ಕುಡಿದ ಚಹಾ.

ಮರ್ವ್ ಪ್ಯಾಸ್ಕೋ ಬಂದ. ಎಪ್ಪತ್ತೊಂಬತ್ತು ವರ್ಷ.
ಕಂಪ್ಯೂಟರನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿ ತಂದಿದ್ದ,
ಜ್ವರದ ಕೂಸನ್ನು ತರುವ ಹಾಗೆ.
"ಸತ್ತಿದೆ. ಅಂಗಡಿಯವ ಹೊಸದು ತಗೋ ಅಂತಾನೆ."
ಅಂಗಡಿಯವ ಮತ್ತೇನು ಅಂದಾನು?

ಆನ್ ಮಾಡಿದೆ. ಕಾದೆವು.
ಅಷ್ಟರಲ್ಲಿ ಅವನು ಪಾರಿವಾಳಗಳ ಕತೆ ಹೇಳಿ ಮುಗಿಸಿದ:
ರೇಸಿನ ಹಕ್ಕಿಗಳು, ಅರವತ್ತೆರಡು,
ಐನೂರು ಕಿಲೋಮೀಟರ್ ಆಚೆ ಬಿಟ್ಟರೂ
ತಮ್ಮ ಕಿಂಡಿಗೇ ಬಂದಿಳಿಯುವಂಥವು.
ಕಂಪ್ಯೂಟರ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಇಲ್ಲಿ ಕುಣಿಯುವವಳೂ ಸರಿ, ನೆಲವೂ ಸರಿ,
ಅಂಗಳದ ತುಂಬ ಕರೆಯದೆ ಬಂದ ನೆಂಟರು.
ಹತ್ತೊಂಬತ್ತು ಮಂದಿ!
ಎಂದೋ ಮಾರಿದ ಪ್ರಿಂಟರಿನ ಪರಿಚಾರಕ,
ಹವಾಮಾನ ಹೇಳುವವನೊಬ್ಬ (ಕಿಟಕಿ ಇದೆಯಲ್ಲ ಮಾರಾಯ),
ದಿನಕ್ಕೆ ಮೂರು ಸಲ ಗಂಡಾಂತರ ನುಡಿದು
ಕಾರ್ಡ್ ನಂಬರು ಕೇಳುವ ಜ್ಯೋತಿಷಿ.
ಬೆಳಗ್ಗೆ ಆನ್ ಮಾಡಿದ ಗಳಿಗೆಗೇ ಎಲ್ಲರಿಗೂ ತಿಂಡಿ ಆಗಬೇಕು.
ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸಿದೆ.
ಖರ್ಚು ಸೊನ್ನೆ.

ಮುಚ್ಚಳ ಬಿಚ್ಚಿದರೆ ಫ್ಯಾನಿಗೆ ಬೂದು ಕಂಬಳಿ,
ಅದರೊಳಗೊಂದು ಬಿಳಿ ಗರಿ, ಕಿರುಬೆರಳಿನುದ್ದ.
"ಡಚೆಸ್‌ದು," ಅಂದ, ಜೇಬಿಗಿಟ್ಟುಕೊಂಡ.
"ಗೂಡಿನಲ್ಲೇ ಇಡ್ತೀಯಾ ಕಂಪ್ಯೂಟರ್?"
"ಮತ್ತೆಲ್ಲಿ ಇಡಲಿ?"
ದಾವಣಗೆರೆಯಲ್ಲಿ ನಮ್ಮತ್ತೆ
ಮೂವತ್ತು ವರ್ಷದ ದೋಸೆ ಕಾವಲಿಗೆ ಅರ್ಧ ಈರುಳ್ಳಿ ಉಜ್ಜುತ್ತಿದ್ದದ್ದು ನೆನಪಾಗಿ
ಬ್ರಷ್ಷನ್ನು ಹಾಗೇ ಆಡಿಸಿದೆ, ಸುತ್ತು ಸುತ್ತಾಗಿ.

ಹಕ್ಕಿಗಳ ಲೆಕ್ಕ ಇಡಲು ಪ್ರೋಗ್ರಾಮೊಂದನ್ನು ಹಾಕಿಕೊಟ್ಟೆ.
"ಎಷ್ಟು ಕೊಡಬೇಕು?"
"ಪುಕ್ಕಟೆ."
ಕನ್ನಡದಲ್ಲೇ ಬಂದುಬಿಟ್ಟಿತು ಬಾಯಿಗೆ.
ಪುಕ್ಕ ಅಂದರೆ ಗರಿ, ಪುಕ್ಕಟೆ ಅಂದರೆ ಬಿಟ್ಟಿ,
ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ ಅಂದೆ.
"ಪುಕ್ಕಾಟೇ," ಅಂದ, ರುಚಿ ನೋಡಿದ, ಅನುಮಾನಪಟ್ಟ:
"ಹಾಗಾದರೆ ಅವರಿಗೇನು ಲಾಭ?"
ಅರವಟ್ಟಿಗೆ ಅಂತ ಒಂದಿರುತ್ತದೆ ಮರ್ವ್, ನಮ್ಮ ಕಡೆ.
ಬಿಸಿಲ ದಾರಿಯಲ್ಲಿ ಯಾರೋ ನೀರಿಟ್ಟು ಹೋಗಿರುತ್ತಾರೆ,
ಕುಡಿದವನ ಊರು ಕೇಳುವುದಿಲ್ಲ.
ಆದರೆ ಆ ಮಡಕೆಯಿಂದಲೇ ಕುಡಿ.
ಅದರ ಹೆಸರು ಹೇಳಿಕೊಂಡು ದಾರಿಯಲ್ಲಿ ಲೋಟ ಚಾಚುವವರು
ಬಹಳ ಮಂದಿ.

ತಪ್ಪಿ ಒಂದು ಸಾಲು ಅಳಿಸಿ ಬಿಳಿಚಿಕೊಂಡ.
ಕಂಟ್ರೋಲ್, ಜೆಡ್.
ಹೋದ ಹಕ್ಕಿ ಬಂತು.
ಆಮೇಲೆ ಸುಮ್ಮಸುಮ್ಮನೆ ಅಳಿಸಿದ, ಬರಿಸಿದ, ಅಳಿಸಿದ, ಬರಿಸಿದ,
ಹಿಂದೆ ಸರತಿಯಲ್ಲಿದ್ದವರು ಗೊಣಗುವ ತನಕ.

ಪಾಸ್‌ವರ್ಡಿಗೆ ನಾಲ್ಕು ಹಕ್ಕಿಗಳ ಹೆಸರು ಜೋಡಿಸು,
ಯಾವುವೆಂದು ನನಗೂ ಹೇಳಬೇಡ.
ಲೆಕ್ಕದ ಇನ್ನೊಂದು ಪ್ರತಿ ಮನೆಯಿಂದ ಹೊರಗಿರಲಿ,
ಗೂಡಿಗೆ ಬೆಂಕಿ ಬಿದ್ದರೆ?
ಸ್ವಲ್ಪ ಹೊತ್ತು ಮಾತಾಡಲಿಲ್ಲ.
"ತಂಗಿ ಆರಾರಟ್‌ನಲ್ಲಿದ್ದಾಳೆ," ಅಂದ.
"ಹಕ್ಕಿಯ ಕಾಲಿಗೆ ಕಟ್ಟಿ ಕಳಿಸಬಹುದಿತ್ತು,
ಆದರೆ ಅವು ಬರೋದಷ್ಟೇ ಬಲ್ಲವು. ಹೋಗೋದು ಕಲಿತಿಲ್ಲ."

ರಾತ್ರಿ ಮನೆಗೆ ಬಂದು ನನ್ನ ಕಂಪ್ಯೂಟರ್ ತೆರೆದೆ.
ಮೂಲೆಯಲ್ಲೊಂದು ಚೀಟಿ:
'ಕೊನೆಯ ನಕಲು ತೆಗೆದು ಮೂರು ವರ್ಷವಾಯಿತು.'
'ಆಮೇಲೆ ನೆನಪಿಸು' ಎಂಬ ಗುಂಡಿ, ನನ್ನ ಬೆರಳಿಗೆ ಸವೆದದ್ದು.
ಊರಿಗೆಲ್ಲ ಶಕುನ ಹೇಳುವ ಹಲ್ಲಿ
ಬಚ್ಚಲಲ್ಲಿ ಬಿದ್ದು ಒದ್ದಾಡಿತಂತೆ.
ಆ ಹಲ್ಲಿ, ಈಗ, ಡ್ರೆಸ್ಸಿಂಗ್ ಗೌನಿನಲ್ಲಿ
ಡ್ರಾಯರಿನಲ್ಲಿ ಪೆನ್‌ಡ್ರೈವ್ ಹುಡುಕುತ್ತಿದೆ.
ಸಿಕ್ಕಿತು. ಚುಚ್ಚಿದೆ.
ಉಳಿದಿರುವ ಸಮಯ: ನಾಲ್ಕು ಗಂಟೆ.
ಅಲ್ಲ, ಎರಡು ನಿಮಿಷ.
ಅಲ್ಲ, ಒಂಬತ್ತು ಗಂಟೆ.