ಐದು ಮೀಟರಿನ ಬಾವುಟ

ಕೋಡಿಬಾಗದಲ್ಲಿ ನೀರಿಳಿದಾಗ
ಆಯಿ ಸೊಂಟದವರೆಗೆ ಕಾಳಿಯಲ್ಲಿ ನಿಂತು
ಕಾಲ್ಬೆರಳಲ್ಲೇ ಬಳಚು ಹುಡುಕುತ್ತಿದ್ದಳು.
ಪಕ್ಕದಲ್ಲಿ ತೇಲುವ ಅಲ್ಯೂಮಿನಿಯಂ ಬೋಗುಣಿ,
ಅದರ ಹಗ್ಗದ ಇನ್ನೊಂದು ತುದಿ ನನ್ನ ಕಾಲಿಗೆ.
ಬೋಗುಣಿ ಹೋಗದಿರಲೆಂದೋ
ನಾನು ಹೋಗದಿರಲೆಂದೋ,
ಕೇಳಲಿಲ್ಲ.
ಮಾಡಲು ಬೇರೇನೂ ಇಲ್ಲದೆ ಅಂಗಾತ ಮಲಗಿದೆ.
ಕಲಿತದ್ದು ಹಾಗೆ.

ಸೇತುವೆಯ ನೆರಳು ತಣ್ಣಗೆ ಮುಖಕ್ಕೆ ಬಿತ್ತೆಂದರೆ
ಕಂಬಕ್ಕೆ ಇನ್ನು ಏಳು ಕೈ.
ಮೇಲೆ ಲಾರಿ ಹಾದರೆ ಕಿವಿಯ ನೀರು ಗುಂಯ್ ಎನ್ನುವುದು,
ಗೋವಾದ ಬಸ್ಸಾದರೆ ಸ್ವಲ್ಪ ಬೇರೆ ತರ.
ಎಣಿಸಿ, ಚಾಚಿ, ಕಂಬಕ್ಕಂಟಿದ ಚಿಪ್ಪಿಗೆ
ಬೆರಳು ಕೊಯ್ದುಕೊಂಡು ತಿರುಗುತ್ತಿದ್ದೆ.

ಇದಕ್ಕೊಂದು ಹೆಸರಿದೆ, ಬ್ಯಾಕ್‌ಸ್ಟ್ರೋಕ್,
ಎಂದವರು ಬಾಂದೇಕರ ಮಾಸ್ತರರು.
ಡ್ರಾಯಿಂಗ್ ಕಲಿಸುವವರು. ಈಜು ಬಾರದವರು.
ಲೈಬ್ರರಿಯ ಪುಸ್ತಕವೊಂದನ್ನು ಕಂಕುಳಲ್ಲಿಟ್ಟು
"ಕಿರುಬೆರಳು ಮೊದಲು ನೀರಿಗೆ, ಸುಗಂಧಾ!"
ಎಂದು ದಂಡೆಯಲ್ಲೇ ನಿಂತು, ಪಂಚೆ ಒದ್ದೆಯಾಗದ ಹಾಗೆ
ಗಾಳಿಯಲ್ಲಿ ಈಜಿ ತೋರಿಸುತ್ತಿದ್ದರು.

ಬೆಂಗಳೂರಿನ ಕೊಳದ ನೀರಿಗೆ ಉಪ್ಪಿರಲಿಲ್ಲ.
ಅದು ನನ್ನನ್ನು ಎತ್ತಿಕೊಳ್ಳಲಿಲ್ಲ, ಸೊಂಟ ಮುಳುಗಿತು.
ಗೋಡೆಗೆ ಐದು ಮೀಟರ್ ಇರುವಾಗ
ನೆತ್ತಿಯ ಮೇಲೆ ಸಾಲು ಬಾವುಟ ಕಟ್ಟಿರುತ್ತಾರೆ,
ಅಂಗಾತ ಬರುವವರಿಗೆ ಅದೇ ಕಣ್ಣು,
ಯಾರೂ ಹೇಳಿರಲಿಲ್ಲ. ಏನೋ ಹಬ್ಬವೆಂದುಕೊಂಡೆ.
ನೆರಳಿಗಾಗಿ ಕಾದೆ.
ಬರಲಿಲ್ಲ.
ಗೋಡೆ ಬಂತು.
ಮೂರು ಹೊಲಿಗೆ. ಈಗಲೂ ಬಾಚಣಿಗೆ ಅಲ್ಲಿ ಎಡವುತ್ತದೆ.

ಆಮೇಲೆ ಬಾವುಟದಿಂದ ನಾಲ್ಕು ಕೈ,
ಐದನೆಯದಕ್ಕೆ ಮಗುಚಿ ತಿರುವು:
ಹನ್ನೊಂದು ವರ್ಷ ಇದನ್ನೇ ಎಣಿಸಿದೆ.
ಒಂದು ನಿಮಿಷ, ಹದಿನಾಲ್ಕು ಸೆಕೆಂಡು, ಮೇಲೆ ಎಂಟು ಆರು.
ರಾಜ್ಯಕ್ಕೆ ಮೂರನೆಯವಳು.
ಮೈಕಿನವನು ಹರಿಕಂತ್ರ ಎನ್ನಲಾರದೆ
ಸುಗಂಧಾ ಎಚ್ ಎಂದ.
"ಎಂಟು ಆರು ಅಂದರೆ ಎಷ್ಟು?" ಆಯಿ ಕೇಳಿದಳು.
ಚಿಟಿಕೆ ಹೊಡೆದು ತೋರಿಸಿದೆ.
"ಇಷ್ಟಕ್ಕೆ ಅಷ್ಟು ಬಸ್ ಚಾರ್ಜೇನೆ?"

ಎದುರಾಳಿಗಳ ಮುಖ ನೆನಪಿಲ್ಲ, ನೋಡಿದ್ದರೆ ತಾನೆ.
ನೆನಪಿರುವುದು ಛಾವಣಿಗಳು.
ಪುಣೆಯಲ್ಲಿ ತಗಡಿನ ಸಂದಿಗೆ ಸಿಕ್ಕ ಗಾಳಿಪಟ,
ಇನ್ನೆಲ್ಲೋ ಉರಿಯದ ಟ್ಯೂಬ್‌ಲೈಟು, ಎಡದಿಂದ ಆರನೆಯದು.
ಅದರ ಕೆಳಗೆ ಹಾದಾಗಲೆಲ್ಲ ಸ್ವಲ್ಪ ತಣ್ಣಗಾಗುತ್ತಿತ್ತು,
ಅಥವಾ ಹಾಗೆ ಅನಿಸುತ್ತಿತ್ತು.

ಇಪ್ಪತ್ತಾರಕ್ಕೆ ಬಲಭುಜ ಕೆಮ್ಮತೊಡಗಿತು,
ಬೈತಕೋಲದಲ್ಲಿ ಚಳಿಗೆ ಸ್ಟಾರ್ಟಾಗದ ಇಂಜಿನ್ನಿನಂತೆ.
ಡಾಕ್ಟರು ಪೆನ್ನಿನಲ್ಲಿ ಕೀಲು ಬರೆದು ತೋರಿಸಿದರು.
ಬಾಂದೇಕರ ಮಾಸ್ತರರಿದ್ದಿದ್ದರೆ
ಇದಕ್ಕಿಂತ ಚೆಂದ ಬಿಡಿಸುತ್ತಿದ್ದರು.
ಕೊನೆಯ ಪಂದ್ಯ ಕೊನೆಯದೆಂದು ಗೊತ್ತಿರಲಿಲ್ಲ.
ಆರನೆಯ ಸ್ಥಾನ. ಟವೆಲನ್ನು ಅಲ್ಲೇ ಮರೆತು ಬಂದೆ.

ಈಗ ಶಿರವಾಡದ ಸ್ಟೇಷನ್ನಿನಲ್ಲಿ, ಕ್ರೀಡಾ ಕೋಟಾದ ಕುರ್ಚಿ.
ಮಡಗಾಂವಿಗೆ ಎರಡು, ಕುಮಟಾಕ್ಕೆ ಒಂದೂವರೆ.
ಕಿಟಕಿಗೆ ಬಾಯಿಟ್ಟು ಕೆಲವರು ಕೇಳುತ್ತಾರೆ:
"ಹಿಮ್ಮುಖ ಹೋಗುವ ಸೀಟು ಬೇಡ ಮೇಡಂ,
ತಲೆ ತಿರುಗುತ್ತದೆ."
ಚಿಲ್ಲರೆ ಎಣಿಸಿ ಕೊಡುತ್ತೇನೆ.

ಹಳೆಯ ಸೇತುವೆ ಒಂದು ರಾತ್ರಿ ಕಾಳಿಗೆ ಕುಸಿಯಿತು,
ನನ್ನ ನೆರಳನ್ನೂ ಕರೆದುಕೊಂಡು.
ಹೊಸದರದ್ದು ಬೇರೆ ಹೊತ್ತಿಗೆ, ಬೇರೆ ಕಡೆ ಬೀಳುತ್ತದೆ.
ಭಾನುವಾರ ನೀರಿಳಿದಾಗ ಹೋಗುತ್ತೇನೆ,
ಒಂದೂವರೆ ಕೈಯಲ್ಲಿ.
ಇಲ್ಲಿಂದ ಕಂಬಕ್ಕೆ ಎಷ್ಟೆಂದು ಇನ್ನೂ ಕೂಡಿ ಬಂದಿಲ್ಲ.
ಮೊಣಕಾಲು ಹೋದ ಆಯಿ ದಂಡೆಯಲ್ಲಿ,
ಬೋಗುಣಿ ಬೋರಲು ಹಾಕಿ, ಅದರ ಮೇಲೆ ಕೂತಿರುತ್ತಾಳೆ.
ಕಂಬ ಹತ್ತಿರವಾದಾಗ ಏನೋ ಕೂಗುತ್ತಾಳೆ.
ಕಿವಿ ನೀರಿನೊಳಗೆ, ಕೇಳಿಸದು.
ಬಿಟ್ಟುಬಂದ ಕಡೆಗೇ ನನ್ನ ಮುಖ,
ಹಾಗಾಗಿ ಕಾಣಿಸುತ್ತದೆ:
ಎದ್ದು ನಿಂತಿದ್ದಾಳೆ,
ಸೆರಗಿನ ತುದಿ ಹಿಡಿದು, ಎತ್ತಿ, ಬೀಸುತ್ತ.