ನೇರ ಸಂಪರ್ಕದ ಗಂಟೆಗಳು

ಎರಡು ಸಾವಿರ ಗಂಟೆ ಬೇಕು ಡಾಕ್ಟರೇಟಿಗೆ.
ಫೇರ್‌ಬ್ಯಾಂಕ್ಸಿನಿಂದ ಬಂದ ಹಾಳೆಯಲ್ಲಿ ಕಾಲಂಗಳಿವೆ:
ಎದುರುಬದುರು ಕೂತದ್ದು ಎಷ್ಟು,
ಬರೆದದ್ದು ಎಷ್ಟು, ಗುರುವಿಗೆ ಒಪ್ಪಿಸಿದ್ದು ಎಷ್ಟು.
ಕಾಲು ಗಂಟೆಗೊಂದು ಗೆರೆ. ಕೆಳಗೆ ಸಹಿ,
ನೀಲಿ ಶಾಯಿಯಲ್ಲೇ.

ಕುಸ್ಕೋಕ್ವಿಮ್ ನದಿಯ ದಂಡೆಗೆ ಬಂದಿಳಿದದ್ದು
ಆರು ಸೀಟಿನ ವಿಮಾನದಲ್ಲಿ, ಮೊಟ್ಟೆಯ ಟ್ರೇಗಳ ನಡುವೆ.
ಊರು ನನ್ನದೇ. ಆದರೂ ಬೇಕಿತ್ತು
ಹಿರಿಯರ ಕೂಟದ ಒಪ್ಪಿಗೆ ಪತ್ರ.
ಪ್ರಬಂಧದ ಶೀರ್ಷಿಕೆಯನ್ನು ಎರಡು ಸಲ ಓದಿಸಿ
ಅವರು ಕೇಳಿದ್ದು ಒಂದೇ:
ಸಾಲ್ಮನ್ ಬರುವಾಗ ಇರ್ತೀಯಾ,
ಅಷ್ಟರೊಳಗೆ ಹೋಗ್ತೀಯಾ?
ಇರ್ತೀನಿ ಅಂದೆ.
ಆ ಮಾತು ಯಾವ ಕಾಲಂಗೆ ಸೇರುತ್ತದೆಂದು ತಿಳಿಯದೆ
ಅಂಚಿನಲ್ಲಿ ಬರೆದಿಟ್ಟೆ, ಪೆನ್ಸಿಲಿನಲ್ಲಿ.

ಕ್ಲಿನಿಕ್ಕಿನ ಹಿಂದಿನ ಕೋಣೆ. ಒಂದು ಟಿಶ್ಯೂ ಡಬ್ಬಿ,
ಗೋಡೆಯಲ್ಲೊಂದು ಗಡಿಯಾರ,
ಬಂದವರ ಬೆನ್ನಿಗೆ, ನನ್ನ ಕಣ್ಣಿಗೆ.
ಮೂರು ವಾರ ಯಾರೂ ಬರಲಿಲ್ಲ.
ಎರಡು ಕುರ್ಚಿ ಮುಖ ಬಿಗಿದುಕೊಂಡು ಕೂತಿದ್ದವು
ಜಗಳವಾಡಿದ ಬೀಗರ ಹಾಗೆ.
ನಾಲ್ಕನೆಯ ವಾರ ಅಗ್ರಾಫೀನಾ ಬಾಗಿಲಲ್ಲಿ ನಿಂತು ಇಣುಕಿದಳು.
'ಕಿಟಕಿಯೇ ಇಲ್ಲವಲ್ಲೇ.
ಇಲ್ಲಿ ಆಡಿದ ಮಾತು ಎಲ್ಲಿಗೆ ಹೋಗುತ್ತೆ?
ಬಲೆ ತುಂಬಿದೆ, ಕತ್ತಿ ಹಿಡಿದು ಬಾ.'

ಹೊಗೆಮನೆಯ ಮುಂದೆ, ಹಲಗೆಯ ಆಚೆ ಅವಳು, ಈಚೆ ನಾನು.
ಅರ್ಧಚಂದ್ರದ ಉಲುವಾಕ್ ಕತ್ತಿ ಅವಳ ಕೈಗೆ
ನೀರು ಕುಡಿದಷ್ಟು ಸಲೀಸು.
ನಾನು ಕೊಯ್ದದ್ದರಲ್ಲಿ ಮಾಂಸವೆಲ್ಲ ಮುಳ್ಳಿಗೇ ಉಳಿಯುತ್ತಿತ್ತು.
ಏನೂ ಅನ್ನದೆ ನನ್ನ ಮೀನನ್ನು ಮತ್ತೊಮ್ಮೆ ಕೊಯ್ದು
ಕೋಲಿಗೆ ತೂಗುಹಾಕಿದಳು.
ಮೂವತ್ತು ಮೀನಾದ ಮೇಲೆ, ಸೊಳ್ಳೆ ಓಡಿಸುತ್ತ,
ಮಗನ ವಿಷಯ ತೆಗೆದಳು.
ನನಗೆ ಗೊತ್ತಿದ್ದ ಕತೆಯೇ, ಅವಳ ಬಾಯಲ್ಲಿ ಮೊದಲು.
ಅಕ್ಟೋಬರು, ನದಿಯ ಮೇಲೆ ತೆಳು ಮಂಜುಗಡ್ಡೆ.
ದಾಟಬಹುದು ಅಂದುಕೊಂಡನೋ
ದಾಟಲಾಗದೆಂದು ಗೊತ್ತಿದ್ದೇ ಹೊರಟನೋ.
'ಇಪ್ಪತ್ತೊಂಬತ್ತು ವರ್ಷ
ಈ ಎರಡರ ನಡುವೆ ಕೂತಿದ್ದೀನಿ' ಅಂದಳು.
ಕೈ ನಿಲ್ಲಲಿಲ್ಲ.

ನೀತಿಸಂಹಿತೆಯ ಪರೀಕ್ಷೆ, ಪ್ರಶ್ನೆ ಏಳು:
ರೋಗಿಗೂ ನಿಮಗೂ ಬೇರೆ ಸಂಬಂಧ ಇದೆಯೇ?
ಇದ್ದಲ್ಲಿ ವಿವರಿಸಿ,
ತಪ್ಪಿಸಲು ಕೈಗೊಂಡ ಕ್ರಮ ತಿಳಿಸಿ.

ಬರೆದೆ:
ಇದೆ. ನದಿ ಅವನನ್ನು ಕರೆದುಕೊಂಡ ಮೇಲೆ
ಊರಲ್ಲಿ ಹುಟ್ಟಿದ ಮೊದಲ ಕೂಸು ನಾನು.
ದಾಖಲೆಯಲ್ಲಿ ದಾರಿಯಾ.
ಮನೆಯಲ್ಲಿ ಅವನ ಹೆಸರೇ, ಅಂಗಲ್ಗಾಕ್.
ಹೆಸರು ಹೆಣ್ಣು ಗಂಡು ನೋಡುವುದಿಲ್ಲ ನಮ್ಮಲ್ಲಿ,
ಬಂದು ಕೂರುತ್ತದೆ, ಅಷ್ಟೆ.
ಆಕೆ ನನ್ನನ್ನು ಮಗನೇ ಅನ್ನುತ್ತಾಳೆ.
ನನಗೆ ಐದು ತುಂಬಿದಾಗ
ಅವನು ಆ ವಯಸ್ಸಿನಲ್ಲಿ ಮೆಟ್ಟಿದ್ದ ಬೂಟನ್ನೇ
ಬಿಚ್ಚಿ, ಮತ್ತೆ ಹೊಲಿದು ಕೊಟ್ಟಳು.
ಕಾಲಿಗೆ ಸರಿಯಾಯಿತು.
ತಪ್ಪಿಸಲು ಕೈಗೊಂಡ ಕ್ರಮ:
ಇಲ್ಲಿ ಜಾಗ ಬಿಟ್ಟಿದ್ದೇನೆ.

ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು.
ಲೈನು ಕಡಿಯಿತೆಂದು ಎರಡು ಸಲ ಹಲೋ ಅಂದೆ.
'ಬರೆದುಕೋ ಆ ಗಂಟೆಗಳನ್ನು' ಅಂದರು ಕೊನೆಗೆ.
'ಯಾವ ಕಾಲಂ ಅಂತ ನನಗೂ ತಿಳಿಯದು.
ಸಮಿತಿಯನ್ನು ಕೇಳುತ್ತೇನೆ.'
ಕೇಳಿದ್ದಾರೆ. ಸಮಿತಿ ಇನ್ನೂ ಯೋಚಿಸುತ್ತಿದೆ.

ಈ ಸಂಜೆಗೆ ಸಾವಿರದ ಆರುನೂರ ಹನ್ನೆರಡು,
ಅಂಚಿನ ಪೆನ್ಸಿಲು ಲೆಕ್ಕ ಬಿಟ್ಟು.
ಸಂಜೆಯೆಂದೆನೆ? ರಾತ್ರಿ ಹನ್ನೊಂದು,
ಬೆಳಕು ಮನೆಗೆ ಹೋಗುವ ಸೂಚನೆಯಿಲ್ಲ.
ಹೊಗೆಮನೆಯಿಂದ ಕೂಗು ಕೇಳಿಸುತ್ತಿದೆ:
ಸೌದೆ ಮುಗೀತು ಮಗನೇ, ಆಲ್ಡರ್ ತಾ,
ಹೋದ ಸಲದಂತೆ ಹಸಿಯದು ತರಬೇಡ.
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಎದ್ದೆ.