ಒತ್ತೆಚೀಟಿ

ಜ್ಞಾನೋಪದೇಶದ ತರಗತಿಯಲ್ಲಿ ಕೇಳಿದ್ದೆ:
"ಸ್ವಾಮಿ ಬೆಲೆ ಕೊಟ್ಟು ನಮ್ಮನ್ನ ಬಿಡಿಸಿದ ಅಂತೀರಲ್ಲ ಸಿಸ್ಟರ್,
ಆ ಬೆಲೆ ಇಸ್ಕೊಂಡವರು ಯಾರು?"
ಉತ್ತರವಾಗಿ ಸ್ಕೇಲಿನ ಅಂಚಿನ ಒಂದು ಏಟು,
ಮೂರು ನಮೋ ಮರಿಯ.

ನಮ್ಮನೆಯಲ್ಲಿ ಬಿಡಿಸುವುದು ಎಂದರೆ ಒಂದೇ ಅರ್ಥ.
ಚಿಕ್ಕಪೇಟೆಯ ಓಣಿ, ಮೂರು ಮೆಟ್ಟಿಲು,
ಕಬ್ಬಿಣದ ಜಾಲರಿಯ ಹಿಂದೆ ಸೇಠು, ಅವನ ಪುಟ್ಟ ತಕ್ಕಡಿ.
ಪಾರಿವಾಳ ಕೊರೆದ ಅವ್ವನ ತಾಳಿ
ವರ್ಷದಲ್ಲಿ ಏಳು ತಿಂಗಳು ಅಲ್ಲೇ ಕತ್ತಲಲ್ಲಿರುತ್ತಿತ್ತು.

ಆ ಸಲ ಹೋದದ್ದು ಅಣ್ಣ ಇನ್ನಾಸಿಗಾಗಿ.
ಸಂತ ಅಂತೋಣಿಯ ಕಾಲಡಿಯ ಹುಂಡಿ,
ಬಡವರ ರೊಟ್ಟಿಗೆಂದು ಇಟ್ಟದ್ದು; ತೆಗೆದದ್ದು ನಾಲ್ಕು ಸಾವಿರ.
ಠಾಣೆ ಬೇಡ ಅಂದರು ಗುರುಗಳು,
ಸೋಮವಾರದೊಳಗೆ ದುಡ್ಡು ಅಂದರು.
ಅವ್ವ ಅರಿಶಿನದ ದಾರ ಕಟ್ಟಿಕೊಂಡು,
ಸೆರಗನ್ನು ಗಲ್ಲದವರೆಗೂ ಎಳೆದುಕೊಂಡು,
ತಪಸ್ಸುಕಾಲದ ಶುಕ್ರವಾರಗಳಲ್ಲಿ
ಶಿವಾಜಿನಗರದ ಬೆಸಿಲಿಕಾದಲ್ಲಿ ಶಿಲುಬೆ ಹಾದಿ ನಡೆದಳು.

ಚೌರಮ್ಮತ್ತೆ ಬಾಯಿ ಬಿಟ್ಟರೆ ಬೈಗುಳ.
ಫ್ರೇಜರ್ ಟೌನಿನ ಮನೆಗಳಲ್ಲಿ ಪಾತ್ರೆ ಉಜ್ಜಿ
ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಟ್ಟಿದ್ದಳು ತನ್ನ ಸಾವಿನ ದುಡ್ಡು:
"ಹೋಗೋವಾಗ ಯಾರ ಹಂಗೂ ಬೇಡ. ತೇಗದ ಪೆಟ್ಟಿಗೆ,
ಹಿತ್ತಾಳೆ ಹಿಡಿ, ಮೂರು ಜನ ಬ್ಯಾಂಡಿನೋರು."
ಪವಿತ್ರ ಶನಿವಾರ ಮಧ್ಯಾಹ್ನ ನೋಡಿದರೆ
ಬಾಟಲಿ ತೊಳೆದು ಬೋರಲು ಹಾಕಿತ್ತು.
ಅವ್ವನ ಮಡಿಲಿಗೆ ಪೊಟ್ಟಣ ಎಸೆದಳು:
"ಪಾಸ್ಕ ಪೂಜೆಗೆ ಬೋಳು ಕತ್ತಿಟ್ಕೊಂಡು ಬಂದ್ರೆ
ನನ್ನ ಪಕ್ಕ ಕೂರಬ್ಯಾಡ."

ಅಣ್ಣ ಒಂದು ಮಾತೂ ಆಡಲಿಲ್ಲ.
ಅತ್ತೆ ಬಂದರೆ ಹಿತ್ತಲ ಬಾಗಿಲಿಂದ ಆಚೆ ಹೋಗುತ್ತಿದ್ದ.
ಬಿಡುಗಡೆಯಾದವರಿಗೆ
ಬಿಡಿಸಿದವರ ಮುಖ ನೋಡುವುದು ಕಷ್ಟವೇನೋ.

ಬಾಟಲಿ ಮತ್ತೆ ತುಂಬುವ ಮುಂಚೆ ಅವಳು ಹೋದಳು.
ಕಲ್ಪಳ್ಳಿಯಲ್ಲಿ, ಹಣ್ಣಿನ ಡಬ್ಬಿಯಂಥ ತೆಳು ಹಲಗೆಯ ಪೆಟ್ಟಿಗೆ.
ಹಿಡಿಯಿಲ್ಲ, ಹಗ್ಗ.
ಬ್ಯಾಂಡಿಲ್ಲ; ಗೋಡೆಯಾಚೆ ಬಸ್ಸೊಂದು
ಯಾರಿಗೋ ಸಿಟ್ಟಲ್ಲಿ ಹಾರನ್ ಒತ್ತಿತು.
ತಲೆಯ ಕಡೆ ಹಿಡಿದವನು ಇನ್ನಾಸಿ.
ಇಳಿಸುವಾಗ ಹಗ್ಗ ಜಾರಿ ಎರಡೂ ಅಂಗೈ ಸುಲಿದಿದ್ದವು.
ಕಟ್ಟಲು ಕರ್ಚೀಫು ಕೊಟ್ಟೆ. ಬೇಡ ಅಂದ.
ಮಣ್ಣು ಹಾಕಿದ, ಅದೇ ಕೈಯಲ್ಲಿ.

ಚೀಟಿ ಈಗಲೂ ನನ್ನ ಬಳಿ ಇದೆ.
ಅಡ್ಡಗೆರೆ, ನೇರಳೆ ಶಾಯಿಯ ಮುದ್ರೆ: ಸಂದಿದೆ.
ಬೆಲೆ ಇಸ್ಕೊಂಡವನ ಬಗ್ಗೆ ಹೇಳುವಂಥದ್ದೇನಿಲ್ಲ ಸಿಸ್ಟರ್;
ಎಣಿಸಿದ, ಬಡ್ಡಿ ಮುರಿದುಕೊಂಡ,
ಜಾಲರಿ ಎಳೆದು ಊಟಕ್ಕೆ ಹೋದ.
ಕೇಳಬೇಕಾದ್ದು ಬೇರೆಯೇ ಇತ್ತು.
ಖಾಲಿಯಾದ ಬಾಟಲಿಯನ್ನು ಅವಳು
ಅಷ್ಟು ಫಳಫಳ ಯಾಕೆ ತೊಳೆದಿಟ್ಟಳು?